ಮಾಡಿಫೈ ಮಾಡಿದ ಕಾರ್ವೆಟ್: ಮೊದಲು ಬಿಚ್ಚಿದೆ, ಆಮೇಲೆ ಮಾರಿದೆ

"ಮಾಡಿಫಿಕೇಷನ್‌ಗೆ ಹಾಕಿದ ದುಡ್ಡು ನೀರಿಗೆ ಹಾಕಿದ ಹಾಗೆ, ವಾಪಸ್ ಬರಲ್ಲ." ಈ ಮಾತನ್ನು ನನಗೆ ಹೇಳದವರೇ ಇಲ್ಲ. ಡೆಟ್ರಾಯ್ಟ್ ಸುತ್ತಮುತ್ತ ಇರುವ ನಮ್ಮ ಕನ್ನಡದ ಗೆಳೆಯರಲ್ಲಿ ಸುಮಾರು ಜನ ಕಾರಿನ ಉದ್ಯಮದಲ್ಲೇ ಇದ್ದಾರೆ. ಅವರೂ ಅದನ್ನೇ ಹೇಳಿದರು. ಹೋದ ಸೆಪ್ಟೆಂಬರ್ ಕೊನೆಯಲ್ಲಿ ನನ್ನ 1993ರ ಕಾರ್ವೆಟ್ ಕನ್ವರ್ಟಿಬಲ್, ಅಂದರೆ ಟಾಪ್ ತೆಗೆದು ಓಡಿಸಬಹುದಾದ ಷೆವರ್ಲೆ ಸ್ಪೋರ್ಟ್ಸ್ ಕಾರು, ಮಾರಿದೆ. ಮಿಷಿಗನ್‌ನಲ್ಲಿ ಎಲ್ಲರೂ ಟಾಪ್ ಮುಚ್ಚಿ, ಬ್ಯಾಟರಿ ಕಳಚಿ, ಕಾರನ್ನು ಚಳಿಗಾಲಕ್ಕೆ ಒಳಗೆ ಸೇರಿಸುವ ಹೊತ್ತು ಅದು. ಒಂಬತ್ತೇ ದಿನಕ್ಕೆ ಹೋಯಿತು, ಒಳ್ಳೆ ಬೆಲೆಗೆ ಹೋಯಿತು. ಹೇಗೆ ಅಂತ ಕೇಳಿದವರಿಗೆಲ್ಲ ಫೋನಿನಲ್ಲಿ ಹೇಳಿ ಮುಗಿಯಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಾರಿನ ವಿವರ ಇಷ್ಟು. ಎಲ್‌ಟಿ1 ಎಂಜಿನ್, 5.7 ಲೀಟರ್, ಕಂಪನಿ ಲೆಕ್ಕದಲ್ಲಿ 300 ಅಶ್ವಶಕ್ತಿ, ಝಡ್‌ಎಫ್ ಕಂಪನಿಯ ಆರು ಗೇರಿನ ಡಬ್ಬ. ಆ ವರ್ಷ ಕನ್ವರ್ಟಿಬಲ್ ಆಗಿ ಬಂದದ್ದು 5,692 ಮಾತ್ರ. ಕಾರ್ವೆಟ್‌ನ ನಲವತ್ತನೇ ವರ್ಷದ ನೆನಪಿಗೆ ಬಂದ ಮಾಣಿಕ್ಯ ಕೆಂಪಿನದಲ್ಲ ನನ್ನದು, ಕಪ್ಪು. ನಾನು ಕೊಂಡದ್ದು 9,200 ಡಾಲರಿಗೆ. ಆಮೇಲೆ ನಾಲ್ಕು ವರ್ಷದಲ್ಲಿ ಕಾಯಿಲ್‌ಓವರ್‌ಗೆ (ಸುರುಳಿ ಸ್ಪ್ರಿಂಗ್ ಸುತ್ತಿದ ಶಾಕ್ ಅಬ್ಸಾರ್ಬರ್) 2,200, ಹದಿನೆಂಟು ಇಂಚಿನ ವೀಲು ಮತ್ತು ಟೈರಿಗೆ 2,600, ಎಂಜಿನ್‌ನಿಂದ ಹೊಗೆ ಹೊರಗೆ ತರುವ ಉದ್ದ ಪೈಪಿನ ಹೆಡರ್ ಮತ್ತು ಎಕ್ಸಾಸ್ಟ್‌ಗೆ 1,900, ಕ್ಯಾಮ್ (ಎಂಜಿನ್ ವಾಲ್ವ್ ತೆರೆಯುವ ದಂಡ), ವಾಲ್ವ್ ಸ್ಪ್ರಿಂಗ್, ಎಂಜಿನ್ ಕಂಪ್ಯೂಟರಿನ ಚಿಪ್ಪು ಸೇರಿ 1,800, ಗೇರ್ ಬೇಗ ಬದಲಿಸುವ ಶಾರ್ಟ್ ಶಿಫ್ಟರ್ 300. ಕೂಲಿ ಇಲ್ಲ, ಎಲ್ಲ ನಾನೇ ಮಾಡಿದ್ದು. ಒಟ್ಟು 18 ಸಾವಿರ.

ಇದರಲ್ಲಿ ಎಲ್ಲವೂ ಸರಿ ಬಂತು ಅನ್ನಲ್ಲ. ಲೀಫ್ ಸ್ಪ್ರಿಂಗ್ (ಪಟ್ಟಿಯ ಸ್ಪ್ರಿಂಗ್) ಅಂದರೆ ಹಳೇ ಲಾರಿ ಅನ್ನುವ ಮಾತು ಕೇಳಿ ಕೇಳಿ ಕಾಯಿಲ್‌ಓವರ್ ಹಾಕಿದೆ. ಆದರೆ ಕಾರ್ವೆಟ್‌ನ ಒರಿಜಿನಲ್ ಅಡ್ಡ ಲೀಫ್ ಸ್ಪ್ರಿಂಗ್ ಫೈಬರಿನದು. ಹಗುರ, ತುಕ್ಕಿನ ಮಾತೇ ಇಲ್ಲ. ಇಲ್ಲಿನ ಹಿಮ ಕರಗಿದ ಮೇಲೆ ರಸ್ತೆಯಲ್ಲಿ ಏಳುವ ಗುಂಡಿಗಳಿಗೆ ಅದೇ ಸರಿ ಅಂತ ಎರಡನೇ ಬೇಸಿಗೆಗೆ ಗೊತ್ತಾಯಿತು. ಕ್ಯಾಮ್ ಕಥೆ ಇನ್ನೂ ಉದ್ದ. 1993ರ ಕಾರಿನಲ್ಲಿ ಗಾಳಿ ಅಳೆಯುವ ಏರ್ ಫ್ಲೋ ಸೆನ್ಸರ್ ಇಲ್ಲ, ಎಂಜಿನ್ ಒಳಗೆ ಹೋಗುವ ಗಾಳಿಯ ಒತ್ತಡ ನೋಡಿ ಪೆಟ್ರೋಲ್ ಬಿಡುವ ಲೆಕ್ಕ. ಕ್ಯಾಮ್ ಬದಲಾದರೆ ವ್ಯಾಕ್ಯೂಮ್ ಬೀಳುತ್ತೆ, ಐಡಲ್ (ಕಾರು ನಿಂತಾಗಿನ ಎಂಜಿನ್ ಓಟ) ಏರಿಳಿಯುತ್ತೆ. ಮೂರು ಸಲ ಚಿಪ್ಪು ಬರೆಸಿದೆ. ಮೊದಲನೇ ಸಲ ಬರೆದುಕೊಟ್ಟವರು ನನ್ನ ಗೇರ್ ಅನುಪಾತವನ್ನೂ ಕೇಳಿರಲಿಲ್ಲ.

ಮೊದಲ ಸಲ ಮಾರಾಟಕ್ಕೆ ಇಟ್ಟದ್ದು ಮೇ ತಿಂಗಳಲ್ಲಿ. ಕನ್ವರ್ಟಿಬಲ್ ಮಾರಲು ಅದಕ್ಕಿಂತ ಒಳ್ಳೆ ಕಾಲ ಇಲ್ಲ. 17,500 ಅಂತ ಹಾಕಿದೆ, ಮಾಡಿಫಿಕೇಷನ್‌ಗಳ ಉದ್ದ ಪಟ್ಟಿ ಕೊಟ್ಟೆ. ಬಂದ ಮಾತುಗಳೆಲ್ಲ 8, 9 ಸಾವಿರ. ಆಗಸ್ಟಿನಲ್ಲಿ ವುಡ್‌ವರ್ಡ್ ಅವೆನ್ಯೂದಲ್ಲಿ ಹಳೇ ಕಾರುಗಳು ಸೇರುವ ಡ್ರೀಮ್ ಕ್ರೂಸ್‌ಗೆ ತೆಗೆದುಕೊಂಡು ಹೋಗಿ, ಗಾಜಿಗೆ ಬೋರ್ಡ್ ಹಾಕಿ ಇಡೀ ದಿನ ಕೂತೆ. ನೂರಾರು ಜನ ಫೋಟೋ ತೆಗೆದರು, ಎಕ್ಸಾಸ್ಟ್ ಸದ್ದು ಕೇಳಿಸು ಅಂದರು. ಬೆಲೆ ಮಾತಾಡಿದವರು ಒಬ್ಬರೇ, ವಯಸ್ಸಾದವರು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಒರಿಜಿನಲ್ ಸಾಮಾನು ಇದೆಯಾ?"

ಇತ್ತು. ಎಲ್ಲವೂ ಬೇಸ್‌ಮೆಂಟ್‌ನಲ್ಲಿತ್ತು. "ರೀ, ಆ ಸೈಲೆನ್ಸರ್‌ಗಳನ್ನ ಗುಜರಿಗೆ ಹಾಕಿ" ಅಂತ ನನ್ನ ಹೆಂಡತಿ ಎಷ್ಟು ಸಲ ಹೇಳಿದ್ದಳೋ. ಹಾಕಿರಲಿಲ್ಲ. ಆ ರಾತ್ರಿ ಮನೆಗೆ ಬರುವಾಗಲೇ ನಿರ್ಧಾರ ಮಾಡಿದೆ. ಕಾರು ಬೇಕಾದವರು ಬೇರೆ, ಸಾಮಾನು ಬೇಕಾದವರು ಬೇರೆ. ಇಬ್ಬರಿಗೂ ಒಂದೇ ಗಂಟು ಕಟ್ಟಿ ಮಾರಲು ಹೋಗಿದ್ದೇ ನನ್ನ ತಪ್ಪು. ಗೆಳೆಯರು ಮಾತ್ರ ಒಪ್ಪಲಿಲ್ಲ. "ಹಾಕಿದ್ದನ್ನ ಬಿಚ್ಚಿ ಮಾರಿದರೆ ಎರಡು ಕಡೆ ನಷ್ಟ" ಅಂದರು.

ಬಿಚ್ಚಲು ನಾಲ್ಕು ವಾರಾಂತ್ಯ ಹಿಡಿಯಿತು. ಈ ಕಾರಿನ ಬಾನೆಟ್ ಫೆಂಡರ್ ಸಮೇತ ಮುಂದಕ್ಕೆ ಏಳುತ್ತೆ, ಟೈರ್ ಮೇಲೆ ಕೂತು ಕೆಲಸ ಮಾಡಬಹುದು. ಅದೊಂದು ಸುಖ. ಹೆಡರ್ ಬೋಲ್ಟ್ ಎರಡು ತುಂಡಾದವು, ಅವನ್ನು ತೆಗೆಯಲು ಒಂದು ಶನಿವಾರ ಪೂರ್ತಿ ಹೋಯಿತು. ಹೆಡರ್ ಜಾಗಕ್ಕೆ ಹಳೇ ಮ್ಯಾನಿಫೋಲ್ಡ್ ಬಂತು, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ವಾಪಸ್ ಬಂತು. ಮಿಷಿಗನ್‌ನಲ್ಲಿ ಹೊಗೆ ಪರೀಕ್ಷೆ ಇಲ್ಲ. ಆದರೆ ಪರೀಕ್ಷೆ ಇರುವ ರಾಜ್ಯದವರೂ ಈಗ ಕೊಳ್ಳಬಹುದು ಅಂತಾಯಿತಲ್ವಾ? ಮ್ಯಾನಿಫೋಲ್ಡ್ ಬದಲಾದ್ದಕ್ಕೆ ನಾಲ್ಕನೇ ಸಲ ಚಿಪ್ಪು ಬರೆಸಿದೆ.

ಅಷ್ಟರಲ್ಲಿ ವಾಟರ್ ಪಂಪ್ ತೊಟ್ಟಿಕ್ಕಲು ಶುರುವಾಯಿತು. ಅಗ್ಗಕ್ಕೆ ಸಿಕ್ಕಿತು ಅಂತ ಎರಡು ವರ್ಷದ ಹಿಂದೆ ನಾನೇ ಹಾಕಿದ್ದ ಪಂಪು ಅದು. ಎಲ್‌ಟಿ1ರಲ್ಲಿ ಪಂಪಿನ ಕೆಳಗೇ ಕಿಡಿ ಹಂಚುವ ಆಪ್ಟಿಸ್ಪಾರ್ಕ್ ಕೂತಿರುತ್ತೆ, ತೊಟ್ಟು ನೇರ ಅದರ ಮೇಲೆ. ಎಂಜಿನ್ ಮಿಸ್ ಹೊಡೆಯಿತು. ಎರಡನ್ನೂ ಬದಲಾಯಿಸಿದೆ, 600 ಡಾಲರ್. ಮತ್ತೆ ಹೀಗಾಗಬಾರದು ಅಂತ ಹಾಲಿನ ಪ್ಲಾಸ್ಟಿಕ್ ಕ್ಯಾನ್ ಕತ್ತರಿಸಿ, ಆಪ್ಟಿ ಮೇಲೆ ಕೊಡೆಯ ಹಾಗೆ ಕೂರಿಸಿ ನೋಡಿದೆ. ತೊಟ್ಟು ತಡೆಯಿತು, ಆದರೆ ಒಳಗೆ ಬೆವರು ಹಿಡಿಯಿತು. ತೆಗೆದು ಬಿಸಾಕಿದೆ. ಕೂಲಂಟ್ ತುಂಬುವಾಗ ಥರ್ಮೋಸ್ಟಾಟ್ ಹತ್ತಿರದ ಬ್ಲೀಡ್ ಸ್ಕ್ರೂ ತೆರೆದು ಗಾಳಿ ಬಿಡುವುದರಲ್ಲಿ ಅವಸರ ಮಾಡಿದೆ. ಈ ಎಂಜಿನ್‌ನಲ್ಲಿ ನೀರು ಮೊದಲು ಮೇಲ್ಭಾಗದ ಹೆಡ್‌ಗೆ ಹೋಗುತ್ತೆ, ಗಾಳಿ ಸಿಕ್ಕಿಕೊಂಡರೆ ಕ್ಷಮೆ ಇಲ್ಲ. ಮೊದಲ ಓಟದಲ್ಲೇ ಬಿಸಿ ತೋರಿಸುವ ಮುಳ್ಳು ಮೇಲೇರಿತು. ರಸ್ತೆ ಬದಿಗೆ ನಿಲ್ಲಿಸಿ ಮುಕ್ಕಾಲು ಗಂಟೆ ಕಾದೆ. ಅದೃಷ್ಟಕ್ಕೆ ಹೆಡ್ ಗ್ಯಾಸ್ಕೆಟ್ ಉಳಿಯಿತು.

ಹಳೇ ಹದಿನೇಳು ಇಂಚಿನ ವೀಲುಗಳಿಗೆ ಹೊಸ ಟೈರ್, ಅಗಲ ಮುಂದೆ 255 ಮಿ.ಮೀ., ಹಿಂದೆ 285 ಮಿ.ಮೀ., ಸುಮಾರು 700 ಡಾಲರ್ ಆಯಿತು. ಇದರಲ್ಲಿ ಜಿಪುಣತನ ಮಾಡಬೇಡಿ. ನೋಡಲು ಬಂದವರು ಮೊದಲು ಬಗ್ಗುವುದೇ ಟೈರಿನ ಕಡೆಗೆ.

ಟಾಪಿನ ಹಿಂದಿನ ಕಿಟಕಿ ಪ್ಲಾಸ್ಟಿಕ್, ಹಾಲಿನ ಹಾಗೆ ಮಬ್ಬಾಗಿತ್ತು. ಬದಲಾಯಿಸಲು 500 ಕೇಳಿದರು. ಹಳೇ ಟಾಪಿನ ಪ್ಲಾಸ್ಟಿಕ್ ತುಂಡು ಒಂದು ಇತ್ತು, ಅದರ ಮೇಲೆ ಏನೇನೋ ಹಚ್ಚಿ ನೋಡಿದೆ. ಟೂತ್‌ಪೇಸ್ಟ್ ಗೆರೆ ಬಿಡುತ್ತೆ. ಹೆಡ್‌ಲೈಟ್ ಪಾಲಿಶ್ ಎರಡು ವಾರ ಚೆನ್ನಾಗಿರುತ್ತೆ, ಮತ್ತೆ ಹಳದಿ. ಕೊನೆಗೆ ಎರಡು ಪಾಲಿಶ್ ಸೇರಿಸಿ ಒಂದು ಕ್ರಮ ಕಂಡುಕೊಂಡೆ, ಹೊಸದರ ಹಾಗೆ ಬಂತು. ಆ ಕ್ರಮ ನನ್ನ ಹತ್ತಿರವೇ ಇರಲಿ, ಇನ್ನೂ ಎರಡು ಕಾರು ಮಾರಬೇಕಿದೆ. ಒಂದು ಮಾತ್ರ ಹೇಳುತ್ತೇನೆ: ಚಳಿಯಲ್ಲಿ ಟಾಪ್ ಮಡಚಲೇಬೇಡಿ, ಪ್ಲಾಸ್ಟಿಕ್ ಸೀಳುತ್ತೆ.

ಆಮೇಲೆ ಜಾಹೀರಾತು. ನಮ್ಮ ಅಜ್ಜ ಘಾಟಿ ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತು ಮಾರುತ್ತಿದ್ದರು. ಎತ್ತಿನ ಮೈಮೇಲೆ ಕೆಟ್ಟ ಸುಳಿ ಇದ್ದರೆ ಕೊಳ್ಳುವವರು ಹುಡುಕುವ ಮೊದಲೇ ತಾವೇ ಬೆರಳಿಟ್ಟು ತೋರಿಸುತ್ತಿದ್ದರು. ನಾನೂ ಹಾಗೇ ಮಾಡಿದೆ. ಎಡ ಸೀಟಿನ ಹರಿದ ಹೊಲಿಗೆ, ಮೂತಿಯ ಕಲ್ಲೇಟು, ಎಲ್ಲಕ್ಕೂ ಹತ್ತಿರದ ಫೋಟೋ. ಒಳಗೆ ಬೇರೆ ಕ್ಯಾಮ್ ಇದೆ ಅಂತಲೂ ಬರೆದೆ. ಕಾರ್ಖಾನೆಯಲ್ಲಿ ಏನೇನು ಹಾಕಿದ್ದರು ಅಂತ ತೋರಿಸುವ, ಸೀಟಿನ ಹಿಂದಿನ ಪೆಟ್ಟಿಗೆ ಮುಚ್ಚಳದ ಆಪ್ಷನ್ ಸ್ಟಿಕ್ಕರ್ ಫೋಟೋ. ಬಿಲ್ಲುಗಳ ದಪ್ಪ ಫೈಲು. ರಾತ್ರಿಯಿಡೀ ನಿಂತ ಕಾರನ್ನು ಬೆಳಗ್ಗೆ ಸ್ಟಾರ್ಟ್ ಮಾಡಿದ ವಿಡಿಯೊ, ಕತ್ತರಿ ಹಾಕದೆ. ಮೊದಲ ಫೋಟೋ ಯಾವುದಿರಬೇಕು ಅನ್ನುವುದನ್ನು ಹೇಳಲ್ಲ, ಆದರೆ ಅದು ಮುಂಭಾಗದ್ದಲ್ಲ.

ಬಿಚ್ಚಿದ ಸಾಮಾನು ಬೇರೆ ಬೇರೆ ಮಾರಿದೆ. ಕಾಯಿಲ್‌ಓವರ್ 1,300, ವೀಲು 1,700, ಎಕ್ಸಾಸ್ಟ್ 900, ಶಿಫ್ಟರ್ 150. ಕಾರು 13,200ಕ್ಕೆ ಓಹಾಯೊದ ದಂಪತಿಗೆ ಹೋಯಿತು. ಅವರು 500 ಮಾತ್ರ ಚೌಕಾಸಿ ಮಾಡಿದರು, ಆ 500ನ್ನು ನಾನು ಮೊದಲೇ ಸೇರಿಸಿದ್ದೆ. ಒಟ್ಟು 17 ಸಾವಿರದ ಮೇಲೆ. ರಿಪೇರಿ ಎಲ್ಲ ಸೇರಿ ಹಾಕಿದ್ದು 19 ಸಾವಿರ ಚಿಲ್ಲರೆ. ನಾಲ್ಕು ಬೇಸಿಗೆ ಟಾಪ್ ತೆಗೆದು ಓಡಿಸಿದ್ದಕ್ಕೆ ಎರಡು ಸಾವಿರ. ಮೇ ತಿಂಗಳಲ್ಲಿ 9 ಸಾವಿರಕ್ಕೆ ಕೊಟ್ಟಿದ್ದರೆ 9 ಸಾವಿರ ಕಳೆದುಕೊಳ್ಳುತ್ತಿದ್ದೆ.

ಕ್ಯಾಮ್ ಯಾಕೆ ತೆಗೆಯಲಿಲ್ಲ ಅಂತ ಕೇಳುತ್ತಾರೆ. ನಾನು ಹಾಕಿದ್ದ ಕ್ಯಾಮ್ ಬಿಚ್ಚಿ ಮಾರಿದರೆ ನೂರು ಡಾಲರ್ ಸಿಕ್ಕರೆ ಹೆಚ್ಚು, ಅದಕ್ಕಾಗಿ ಎಂಜಿನ್ ಮುಂಭಾಗ ಪೂರ್ತಿ ಬಿಚ್ಚಬೇಕು. ಬದಲಿಗೆ ಒರಿಜಿನಲ್ ಕ್ಯಾಮ್, ಒರಿಜಿನಲ್ ಚಿಪ್ಪು, ಕಳ್ಳತನ ತಡೆಯುವ ರೆಸಿಸ್ಟರ್ ಇರುವ ಎರಡನೇ ಕೀಲಿ, ಮೂರನ್ನೂ ಬಟ್ಟೆಯಲ್ಲಿ ಸುತ್ತಿ ಹೆಸರು ಬರೆದು ಸೀಟಿನ ಹಿಂದೆ ಇಟ್ಟೆ. ಓಹಾಯೊದ ಆ ಯಜಮಾನರು ಬೇರೇನನ್ನೂ ಅಷ್ಟು ಹೊತ್ತು ನೋಡಲಿಲ್ಲ. ಗಂಟು ಬಿಚ್ಚಿ, ಕ್ಯಾಮ್ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಮತ್ತೆ ಸುತ್ತಿಟ್ಟು, "ಪೇಪರ್‌ಗೆ ಸಹಿ ಮಾಡೋಣ" ಅಂದರು.