ಜೇಡದ ಎಪಿಗೈನ್ ಬಿಡಿಸಿ ನೋಡುವುದು: ನನ್ನ ಅನುಭವ

ಕೊಡಗಿನ ಕಾಫಿ ತೋಟದ ಜೇಡಗಳನ್ನು ಬಣ್ಣ ನೋಡಿ ಹೆಸರಿಸಲು ನಾನು ಹೋಗುವುದಿಲ್ಲ. ಒಂದೇ ಜಾತಿಯಲ್ಲಿ ನಾಲ್ಕು ಬಣ್ಣ ಸಿಗುತ್ತದೆ. ಜನನಾಂಗದ ಆಕಾರ ಅಷ್ಟು ಸುಲಭವಾಗಿ ಮೋಸ ಮಾಡುವುದಿಲ್ಲ.

ಮೊದಲು ಜೇಡ ಬಲಿತಿದೆಯೇ ನೋಡಿ. ಗಂಡಿನ ಬಾಯಿ ಪಕ್ಕದ ಗಿಡ್ಡ ಕೈಗಳೇ ಪೆಡಿಪ್ಯಾಲ್ಪ್, ಚಿಕ್ಕದಾಗಿ ಪ್ಯಾಲ್ಪ್. ಅವುಗಳ ತುದಿ ಊದಿಕೊಂಡು ನುಣ್ಣಗಿದ್ದರೆ ಇನ್ನೊಂದು ಪೊರೆ ಕಳಚುವುದು ಬಾಕಿ. ಕೊಕ್ಕೆ, ಮಡಿಕೆಗಳು ಕಂಡರೆ ಬಲಿತಿದೆ. ಹೆಣ್ಣಿನಲ್ಲಿ ಹೊಟ್ಟೆಯ ಅಡಿಭಾಗ, ಎರಡು ಪುಸ್ತಕ ಶ್ವಾಸಕೋಶಗಳ (ಪುಟಗಳಂಥ ಪದರಗಳಿರುವ ಉಸಿರಾಟದ ಅಂಗ) ನಡುವೆ ಕಪ್ಪಗಿನ ಗಟ್ಟಿ ತಟ್ಟೆ ಇರುತ್ತದೆ, ಅದೇ ಎಪಿಗೈನ್, ಹೆಣ್ಣಿನ ಜನನಾಂಗದ ಹೊರಭಾಗ. ಗದ್ದೆ, ತೋಡಿನ ಬದಿಯ ಟೆಟ್ರಗ್ನಾಥ ಎಂಬ ಜೇಡದಲ್ಲಿ ಈ ತಟ್ಟೆಯನ್ನು ಹುಡುಕಿ ಸುಸ್ತಾಗಬೇಡಿ, ಅದಕ್ಕೆ ಇಲ್ಲವೇ ಇಲ್ಲ.

70% ಆಲ್ಕೋಹಾಲ್ ತುಂಬಿದ ಬಟ್ಟಲಲ್ಲಿ ತೊಳೆದ ಮರಳು ಹಾಕಿ ಜೇಡವನ್ನು ಅಂಗಾತ ಹುದುಗಿಸಿದರೆ ಅಲುಗುವುದಿಲ್ಲ. ಬೆಂಕಿಕಡ್ಡಿಗೆ ಅಂಟಿಸಿದ ಸಣ್ಣ ಕೀಟಪಿನ್ನಿನಿಂದ ತಟ್ಟೆಯ ಸುತ್ತ, ಅಂಚಿನಿಂದ ತುಸು ದೂರದಲ್ಲೇ ಚರ್ಮ ಕತ್ತರಿಸಿ ಎತ್ತುತ್ತೇನೆ. ಅಂಚಿಗೆ ತಾಗಿಸಿ ಕತ್ತರಿಸಿದರೆ ಹಿಂದಿರುವ ವೀರ್ಯಚೀಲ ಹರಿಯುತ್ತದೆ. ಮಾಂಸ ಕರಗಿಸುವ ಕ್ಷಾರಕ್ಕೆ ಹಾಕುವ ಮೊದಲೇ ಫೋಟೋ ತೆಗೆದುಕೊಳ್ಳಿ, ಕಾರಣ ಮುಂದಿದೆ.

ಕ್ಷಾರಕ್ಕೆ 10 ಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಿ 100 ಮಿ.ಲೀ. ಮಾಡಿಕೊಳ್ಳುತ್ತೇನೆ. ಬಿಸಿಯೇರುತ್ತದೆ, ಕೈಗವಸು, ಕನ್ನಡಕ ಬೇಕೇ ಬೇಕು. ಬಿಸಿನೀರಲ್ಲಿ ಇಟ್ಟ ಪುಟ್ಟ ಬಾಟಲಿಯಲ್ಲಾದರೆ ಮಾಂಸ ಕೆಲವೇ ನಿಮಿಷದಲ್ಲಿ ಕರಗುತ್ತದೆ. ಮಡಿಕೇರಿಯ ಚಳಿಯಲ್ಲಿ ಹಾಗೇ ಬಿಟ್ಟರೆ ರಾತ್ರಿಯೆಲ್ಲ ಬೇಕಾದೀತು. ಆಗಾಗ ನೋಡುತ್ತಿರಬೇಕು. ಅತಿಯಾದರೆ ನಾಳಗಳು ಬಿಳಿಚಿಕೊಂಡು ಕಾಣದಂತಾಗುತ್ತವೆ. ತೊಳೆದ ಮೇಲೆ ತಟ್ಟೆಯ ಒಳಗು ಪಾರದರ್ಶಕವಾಗಿ ಕಾಣಲೆಂದು ಲವಂಗದ ಎಣ್ಣೆಯಲ್ಲಿ ನೋಡುವವರಿದ್ದಾರೆ, ಆದರೆ ನೀರಿನಂಶ ಉಳಿದರೆ ಅದು ಮಬ್ಬಾಗುತ್ತದೆ. ನಮ್ಮ ಮಳೆಗಾಲದಲ್ಲಿ ಆ ನೀರು ತೆಗೆಯಲು ಬಳಸುವ ಶುದ್ಧ ಆಲ್ಕೋಹಾಲ್ ಕೂಡ ತೆರೆದಿಟ್ಟರೆ ಗಾಳಿಯ ತೇವ ಹೀರುತ್ತದೆ. ಹಾಗಾಗಿ ನನಗೆ ಲ್ಯಾಕ್ಟಿಕ್ ಆಮ್ಲವೇ ಸರಿ, ಅದಕ್ಕೆ ನೀರಿನ ತಕರಾರಿಲ್ಲ.

ಈಗ ತಟ್ಟೆಯನ್ನು ಮಗುಚಿ ನೋಡಿ. ದ್ವಾರದಿಂದ ಹೊರಟ ನಾಳ ಸುತ್ತಿಕೊಂಡು ವೀರ್ಯಚೀಲ ಸೇರುತ್ತದೆ. ಅಲ್ಲಿಂದ ಗರ್ಭಾಶಯಕ್ಕೆ ಬೇರೆಯದೇ ನಾಳ. ಸುತ್ತು ಎಷ್ಟು, ಚೀಲದ ಆಕಾರ ಏನು ಎಂಬುದರ ಮೇಲೆ ಜಾತಿ ನಿಲ್ಲುತ್ತದೆ. ಗಂಡಿನ ವೃಷಣಕ್ಕೂ ಪ್ಯಾಲ್ಪಿಗೂ ಒಳಗೆ ಸಂಪರ್ಕವೇ ಇಲ್ಲ. ಗಂಡು ಪುಟ್ಟ ಬಲೆ ನೇಯ್ದು, ಅದರ ಮೇಲೆ ಹೊಟ್ಟೆಯಡಿಯಿಂದ ಒಂದು ಹನಿ ವೀರ್ಯ ಬಿಟ್ಟು, ಪ್ಯಾಲ್ಪಿನ ತುದಿಯ ಬಲ್ಬಿಗೆ ಹೀರಿಕೊಂಡು ಆಮೇಲೆ ಹೆಣ್ಣನ್ನು ಹುಡುಕುತ್ತದೆ. ಬಲ್ಬಿನ ಎಂಬೋಲಸ್ ಎಂಬ ಸೂಜಿಯಂಥ ತುದಿಯೇ ಹೆಣ್ಣಿನ ನಾಳದೊಳಗೆ ಹೋಗುವುದು.

ಮರದ ಕಾಂಡಕ್ಕೆ ಒತ್ತಿ ಬಲೆ ಕಟ್ಟುವ ಹೆರೆನಿಯಾ ಎಂಬ ಜೇಡದಲ್ಲಿ ಕೂಡುವಿಕೆಯ ನಂತರ ಗಂಡಿನ ಪ್ಯಾಲ್ಪ್ ಮುರಿದು ಹೋಗುತ್ತದೆ, ಮುರಿದ ತುಂಡು ಹೆಣ್ಣಿನ ದ್ವಾರಕ್ಕೆ ಬಿರಡೆಯಾಗುತ್ತದೆ. ಪ್ಯಾಲ್ಪಿಲ್ಲದ ಗಂಡು ಹೆಣ್ಣಿನ ಬಳಿಯೇ ಕಾವಲು ಕೂರುತ್ತದೆ. ಅದನ್ನು ಹಾಳಾದ ಮಾದರಿ ಎಂದು ಎಸೆಯಬೇಡಿ. ಎಂಬೋಲಸ್ಸಿನ ತುಂಡು ಕ್ಷಾರಕ್ಕೆ ಜಗ್ಗುವುದಿಲ್ಲ, ಆದರೆ ಸ್ರವಿಸಿದ ಅಂಟಿನ ಬಿರಡೆ ಕರಗಬಹುದು. ಫೋಟೋ ಮೊದಲು ಎಂದದ್ದು ಅದಕ್ಕೇ.

ಎಪಿಗೈನನ್ನು ಚಿಕ್ಕ ಸೀಸೆಗೆ ಹಾಕಿ, ಅದೇ ಜೇಡದ ಬಾಟಲಿಯೊಳಗೇ ಇಡಿ. ಊರು, ತಾರೀಖು, ಯಾವ ಮರ ಎಂಬ ಚೀಟಿಯನ್ನು ಪೆನ್ಸಿಲಿನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಉಳಿಯುವುದಿಲ್ಲ.