ಬೀಪ್ ಕೇಳಿದರೆ ಅರ್ಧ ಕೆಲಸ ಮುಗೀತು

ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ನನ್ನ ಹಳೇ ಲ್ಯಾಪ್‌ಟಾಪ್‌ಗೆ ಹೊಸ ಸಿಸ್ಟಮ್ ಹಾಕಿಸಿದ್ದೆ. ಗದಗಕ್ಕೆ ತಂದು ಆನ್ ಮಾಡಿದರೆ ಅದು ಮೂಕ, ಪರದೆ ಓದಿ ಹೇಳುವ ಸ್ಕ್ರೀನ್ ರೀಡರ್‌ನ ಸದ್ದೇ ಇಲ್ಲ! ನನಗೆ ಕಣ್ಣು ಕಾಣಿಸುವುದಿಲ್ಲ ಅಂತ ಹೇಳಿಯೇ ಕೊಟ್ಟಿದ್ದೆ. ಅಂದಿನಿಂದ ನಾನೇ ಡೆಬಿಯನ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಕೊಳ್ಳುತ್ತೇನೆ.

ಮೊದಲು ಬೇಕಾದ ಫೈಲುಗಳನ್ನೆಲ್ಲ ಬೇರೆ ಕಡೆ ಕಾಪಿ ಮಾಡಿ. ವೈರ್ ಇರುವ ಇಯರ್‌ಫೋನ್ ಹಾಕಿಕೊಳ್ಳಿ. ಇನ್‌ಸ್ಟಾಲರ್ ಇರುವ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಸುಮ್ನೆ ಕಿವಿಗೊಡಿ. ಕಂಪ್ಯೂಟರನ್ನು ಶುರು ಮಾಡುವ ಒಳಗಿನ ಪ್ರೋಗ್ರಾಮ್ ಹಳೇ ಬಯೋಸ್ ಆಗಿದ್ದರೆ ಒಂದು ಸಲ ಬೀಪ್ ಅನ್ನುತ್ತದೆ, ಹೊಸ ಯುಇಎಫ್‌ಐ ಆಗಿದ್ದರೆ ಎರಡು ಸಲ. ಆಗ ಎಸ್ ಒತ್ತಿ, ಎಂಟರ್ ಒತ್ತಿ. ಸ್ವಲ್ಪ ಹೊತ್ತಿಗೆ ಇಸ್ಪೀಕ್ ಅನ್ನುವ ಓದುವ ಸಾಫ್ಟ್‌ವೇರ್ ಮಾತಾಡುತ್ತದೆ. ಗಿರಣಿಯಲ್ಲಿ ಜೋಳ ಬೀಸಿದಂಥ ದನಿ, ಆದರೆ ಅವತ್ತು ನನಗೆ ಸಂಗೀತ ಕೇಳಿದ ಹಾಗಾಯಿತು.

ಮುಂದೆ ಎಲ್ಲ ನಂಬರ್ ಆಟ. ಆಯ್ಕೆಗಳನ್ನು ಓದುತ್ತದೆ, ಬೇಕಾದ ನಂಬರ್ ಹೊಡೆದು ಎಂಟರ್ ಒತ್ತಿ. ತಪ್ಪಿತೋ? '<' ಹೊಡೆದು ಎಂಟರ್ ಒತ್ತಿದರೆ ಹಿಂದಕ್ಕೆ ಹೋಗಬಹುದು. ಭಾಷೆ, ಕೀಬೋರ್ಡ್, ಪಾಸ್‌ವರ್ಡ್ ಇವೆಲ್ಲ ಸಲೀಸು.

ಡಿಸ್ಕ್ ಭಾಗ ಮಾಡುವಲ್ಲಿ ಮಾತ್ರ ಅವಸರ ಬೇಡ. ಪಟ್ಟಿಯಲ್ಲಿ ಪೆನ್‌ಡ್ರೈವ್ ಕೂಡ ಬರಬಹುದು. ಎಷ್ಟು ಜಿಬಿ ಅಂತ ಓದುತ್ತದಲ್ವಾ, ಅದರಿಂದ ಗುರುತು ಹಿಡಿಯಿರಿ. ಬದಲಾವಣೆ ಬರೆಯಲೇ ಅಂತ ಕೊನೆಗೆ ಕೇಳಿದಾಗ ನಾನು ಒಂದು ಗುಟುಕು ಚಹಾ ಕುಡಿದೇ ಹೌದು ಅನ್ನುತ್ತೇನೆ.

ಹೀಗೆ ದನಿಯಲ್ಲಿ ಹಾಕಿದರೆ ಹೊಸ ಸಿಸ್ಟಮ್‌ನಲ್ಲೂ ಸ್ಕ್ರೀನ್ ರೀಡರ್ ತಾನಾಗಿಯೇ ಚಾಲೂ ಇರುತ್ತದೆ. ಗ್ನೋಮ್ ಅನ್ನುವ ಡೆಸ್ಕ್‌ಟಾಪ್ ಹಾಕಿಕೊಂಡಿದ್ದು, ಅದರ ಸ್ಕ್ರೀನ್ ರೀಡರ್ ಓರ್ಕಾ ಸುಮ್ಮನಾದರೆ ಆಲ್ಟ್, ವಿಂಡೋಸ್ ಕೀ, ಎಸ್ ಮೂರನ್ನೂ ಒಟ್ಟಿಗೆ ಒತ್ತಿ.