ಡಿಸ್ಕಿಗೆ ಪಾಲು ಹಾಕಿದ್ದು

ಉಡುಪಿ ಕಿನ್ನಿಮೂಲ್ಕಿಯ ನನ್ನ ಡಿಟಿಪಿ ಅಂಗಡಿಯ ಕಂಪ್ಯೂಟರು 2016ರ ಆರಂಭದಲ್ಲಿ ಜೋಡಿಸಿದ್ದು. ಇಂಟೆಲ್ ಆರನೇ ತಲೆಮಾರಿನ ಐ5, ಎಂಟು ಜಿಬಿ ರ‍್ಯಾಮ್, ಒಂದು ಟಿಬಿ ಹಾರ್ಡ್‌ಡಿಸ್ಕ್. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಹ್ಯಾಂಡ್‌ಬಿಲ್ಲು ಎಲ್ಲ ಅದರಲ್ಲೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ (ಭದ್ರತೆಯ ಅಪ್‌ಡೇಟ್) ನಿಂತಿತು. ವಿಂಡೋಸ್ 11 ಹಾಕೋಣ ಎಂದರೆ ಅದು ಕೇಳುವುದು ಎಂಟನೇ ತಲೆಮಾರಿನಿಂದ ಈಚೆಯ ಪ್ರೊಸೆಸರ್. ದಿನಕ್ಕೆ ಹತ್ತು ಗಂಟೆ ತಕರಾರಿಲ್ಲದೆ ದುಡಿಯುವ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ.

ಇಂಟರ್‌ನೆಟ್, ಮೇಲ್, ಪಿಡಿಎಫ್ ಕೆಲಸಕ್ಕೆ ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕುವುದು, ಪುಟ ಜೋಡಿಸುವ ಪೇಜ್‌ಮೇಕರಿಗೆ ಮತ್ತು ಹತ್ತು ವರ್ಷದ ನುಡಿ ಫೈಲುಗಳಿಗೆ ವಿಂಡೋಸನ್ನು ಹಾಗೇ ಉಳಿಸಿ ಅದಕ್ಕೆ ನೆಟ್ ಕೊಡದಿರುವುದು ಎಂದು ತೀರ್ಮಾನಿಸಿದೆ. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ನನಗೆ ಅಷ್ಟು ಸಾಕು.

ಇನ್‌ಸ್ಟಾಲ್ ಮಾಡುವುದು ಇಪ್ಪತ್ತು ನಿಮಿಷದ ಕೆಲಸ. ಕಷ್ಟವೆಲ್ಲ ಡಿಸ್ಕಿನಲ್ಲಿ ಜಾಗ ಬಿಡಿಸುವುದರಲ್ಲಿ. ಕಂಪ್ಯೂಟರ್ ಜೋಡಿಸಿದವರು ಆಗ ಹಾಕಿದ್ದ ವಿಂಡೋಸ್ 7ರ ಡಿವಿಡಿಯಿಂದಲೇ ಸಿ, ಡಿ, ಇ ಎಂದು ಮೂರು ಪಾಲು (ಪಾರ್ಟಿಷನ್) ಮಾಡಿದ್ದರು. ವಿಂಡೋಸ್ ತನಗೆಂದು ಇಟ್ಟುಕೊಂಡ 100 ಎಂಬಿಯ ಸಣ್ಣ ಪಾಲು ಬೇರೆ. ಒಟ್ಟು ನಾಲ್ಕು, ನಾಲ್ಕೂ ಪ್ರೈಮರಿ, ಅಂದರೆ ಡಿಸ್ಕಿನ ಮುಖ್ಯ ಪಟ್ಟಿಯಲ್ಲೇ ನೇರ ಹೆಸರಿರುವ ಪಾಲು. ಅಲ್ಲಿಗೆ ಲೆಕ್ಕ ಮುಗಿಯಿತು.

ನಾಲ್ಕೇ ಯಾಕೆ? ಹಳೆಯ ಎಂಬಿಆರ್ ಪದ್ಧತಿಯಲ್ಲಿ ಪಾಲುಪಟ್ಟಿ ಇರುವುದು ಡಿಸ್ಕಿನ ಮೊದಲ 512 ಬೈಟಿನೊಳಗೆ. ಅದರಲ್ಲಿ ಪಟ್ಟಿಗೆ ಮೀಸಲು 64 ಬೈಟ್, ಒಂದೊಂದು ಪಾಲಿನ ವಿವರಕ್ಕೆ 16 ಬೈಟ್. ಐದನೆಯವನಿಗೆ ಹೆಸರು ಬರೆಯಲು ಗೆರೆಯೇ ಇಲ್ಲ. 1983ರಲ್ಲಿ ಡಾಸ್ 2.0 ಬಂದ ಕಾಲದ ಏರ್ಪಾಡು ಇದು, ಆಗ ಪಿಸಿಯ ಹಾರ್ಡ್‌ಡಿಸ್ಕ್ ಎಂದರೆ 10 ಎಂಬಿ. ಹೊಸ ಜಿಪಿಟಿ ಪದ್ಧತಿಯಲ್ಲಿ ಸಾಮಾನ್ಯವಾಗಿ 128 ಪಾಲು ಮಾಡಬಹುದು. ಡಾಟಾ ಹೋಗದಂತೆ ಎಂಬಿಆರನ್ನು ಜಿಪಿಟಿಗೆ ಬದಲಿಸುವ ಒಂದು ಸಲಕರಣೆ ವಿಂಡೋಸ್ 10ರಲ್ಲೇ ಉಂಟು, ಆದರೆ ಅದು ಮೂರಕ್ಕಿಂತ ಹೆಚ್ಚು ಪ್ರೈಮರಿ ಇದ್ದರೆ ಕೆಲಸ ಮಾಡುವುದಿಲ್ಲ. ಬೇಕಾದವರಿಗೇ ಬಾಗಿಲು ಹಾಕಿದ ಹಾಗೆ!

ಇಲ್ಲೊಂದು ಗುಂಡಿ ಉಂಟು. 2014ರಲ್ಲಿ ನಾನೇ ಅದಕ್ಕೆ ಬಿದ್ದವಳು. ಆಗಿನ ಲ್ಯಾಪ್‌ಟಾಪಿನಲ್ಲೂ ಕಂಪನಿಯಿಂದಲೇ ನಾಲ್ಕು ಪ್ರೈಮರಿ ಬಂದಿದ್ದವು. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಸಿ ಡ್ರೈವನ್ನು ಕುಗ್ಗಿಸಿ, ಖಾಲಿ ಜಾಗದ ಮೇಲೆ ರೈಟ್ ಕ್ಲಿಕ್ ಮಾಡಿ ಹೊಸ ಪಾಲು ಕೇಳಿದೆ. ಆಗುವುದಿಲ್ಲ ಎಂದು ನೇರ ಹೇಳಿದ್ದರೆ ಬಚಾವಾಗುತ್ತಿದ್ದೆ. ಅದರ ಬದಲು, ಡಿಸ್ಕನ್ನು ಡೈನಾಮಿಕ್ ಮಾಡುತ್ತೇನೆ, ಆಗಬಹುದೇ ಎಂದು ಕೇಳಿತು. ಡೈನಾಮಿಕ್ ಎಂಬ ಶಬ್ದವೇ ಚಂದ ಕಂಡಿತು, ಯೆಸ್ ಒತ್ತಿದೆ. ಅದು ವಿಂಡೋಸಿನದೇ ಒಂದು ಪದ್ಧತಿ, ಆಮೇಲೆ ಲಿನಕ್ಸಿನ ಇನ್‌ಸ್ಟಾಲರಿಗೆ ಪಾಲುಗಳ ಗುರುತೇ ಹತ್ತಲಿಲ್ಲ. ಹಿಂದಿನ ಸ್ಥಿತಿಗೆ ತರಬೇಕಾದರೆ ಎಲ್ಲ ಪಾಲುಗಳನ್ನೂ ಅಳಿಸಬೇಕು ಎಂದು ಗೊತ್ತಾಗುವಾಗ ರಾತ್ರಿ ಹನ್ನೊಂದು. ಡೆಸ್ಕ್‌ಟಾಪಿನ ಮೇಲಿಟ್ಟಿದ್ದ ಬಿಲ್ಲುಗಳ ಫೋಲ್ಡರಿಗೆ ಬ್ಯಾಕಪ್ ಇರಲಿಲ್ಲ. ಹೋಯಿತು.

ಹಾಗಾಗಿ ಈ ಸಲ ಬೇರೆ ದಾರಿ ಹಿಡಿದೆ. ಕೊನೆಯ ಇ ಡ್ರೈವನ್ನು ಪೂರ್ತಿ ಖಾಲಿ ಮಾಡಿ, ಅಳಿಸಿ, ಅದೇ ಜಾಗದಲ್ಲಿ ಎಕ್ಸ್‌ಟೆಂಡೆಡ್ ಎಂಬ ದೊಡ್ಡ ಪಾಲು ಮಾಡುವುದು. ಪಟ್ಟಿಯಲ್ಲಿ ಅದು ಒಂದೇ ಗೆರೆ ಹಿಡಿಯುತ್ತದೆ, ಒಳಗೆ ಬೇಕಾದಷ್ಟು ಲಾಜಿಕಲ್ ಪಾಲು ಹಾಕಿಕೊಳ್ಳಬಹುದು. ಲಿನಕ್ಸಿಗೆ ಲಾಜಿಕಲ್ ಆದರೂ ನಡೆಯುತ್ತದೆ. ಫೈಲುಗಳಿರುವ ಪಾಲನ್ನು ಮೌಸಿನಲ್ಲಿ ಎಳೆದು ಅತ್ತಿತ್ತ ಸರಿಸುವುದು ನನಗೆ ಸುತರಾಂ ಇಷ್ಟವಿಲ್ಲ. ಪಾಲಿನ ಆರಂಭ ಸರಿದರೆ ಒಳಗಿನ ಡಾಟಾ ಪೂರ್ತಿ ಡಿಸ್ಕಿನ ಮೇಲೆ ಜಾಗ ಬದಲಿಸಬೇಕು. ಅದಕ್ಕೆ ಗಂಟೆಗಟ್ಟಲೆ ಬೇಕು, ನಡುವೆ ಕರೆಂಟು ಹೋದರೆ ಮುಗಿಯಿತು. ಅಕ್ಟೋಬರಿನ ಉಡುಪಿಯಲ್ಲಿ ಮಧ್ಯಾಹ್ನ ಮೂರರ ಮೇಲೆ ಗುಡುಗು ಸಿಡಿಲು ಶುರುವಾದರೆ ನಾವು ಮೊದಲು ಮಾಡುವುದೇ ಮೋಡೆಮ್ಮಿನ ವೈರು ಕೀಳುವುದು. ನನ್ನ ಯುಪಿಎಸ್ ನಿಲ್ಲುವುದು ಹದಿನೈದು ನಿಮಿಷ. ಪಾಲು ಅಳಿಸಿ ಹೊಸತು ಮಾಡಲು ಒಂದು ನಿಮಿಷವೂ ಬೇಡ.

ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಇ ಡ್ರೈವಿನ 210 ಜಿಬಿಯನ್ನು ಎಕ್ಸ್‌ಟರ್ನಲ್ ಡಿಸ್ಕಿಗೆ ಹಾಕಲು ಕೂತೆ. ಹಳೆಯ ಯುಎಸ್‌ಬಿ 2.0 ಡಿಸ್ಕ್, ಸೆಕೆಂಡಿಗೆ 30 ಎಂಬಿ ದಾಟಲಿಲ್ಲ, ಎರಡು ಗಂಟೆ ಹಿಡಿಯಿತು. ಮುಗಿದ ಮೇಲೆ ಫೋಲ್ಡರಿನ ಗಾತ್ರ ಹೋಲಿಸಿ, ಅಲ್ಲೊಂದು ಇಲ್ಲೊಂದು ಫೈಲು ತೆರೆದೇ ನೋಡಿದೆ. ಇನ್ನೊಂದು ಕೆಲಸ ಬಾಕಿ ಇತ್ತು. ಲಿನಕ್ಸಿನಲ್ಲಿ ಸಿ, ಡಿ ಎಂಬ ಅಕ್ಷರಗಳು ಕಾಣುವುದಿಲ್ಲ, ಎಸ್‌ಡಿಎ1, ಎಸ್‌ಡಿಎ2 ಎಂಬ ಸಂಖ್ಯೆಗಳು. ನನ್ನ ಡಿ ಮತ್ತು ಇ ಎರಡೂ 390 ಜಿಬಿ, ಅವಳಿ ಮಕ್ಕಳ ಹಾಗೆ. ವಿಂಡೋಸಿನಲ್ಲೇ ಒಂದಕ್ಕೆ 'ಮುಟ್ಟಬೇಡ', ಇನ್ನೊಂದಕ್ಕೆ 'ಅಳಿಸು' ಎಂದು ಹೆಸರಿಟ್ಟೆ.

ಮಿಂಟಿನ ಐಎಸ್‌ಒ (ಇನ್‌ಸ್ಟಾಲ್ ಮಾಡುವ ಫೈಲು) ಇಳಿಸಿ, ಅದು ಕೆಡದೆ ಬಂದಿದೆಯೇ ಎಂದು ಚೆಕ್‌ಸಮ್ ತಾಳೆ ನೋಡಿ, ರೂಫಸ್ ಎಂಬ ಸಲಕರಣೆಯಿಂದ ಪೆನ್‌ಡ್ರೈವಿಗೆ ಬರೆದಿಟ್ಟಿದ್ದೆ. ಮಳೆ ನಿಂತ ಮೇಲೆ ರಾತ್ರಿ ಎಂಟಕ್ಕೆ ಎಫ್12 ಒತ್ತಿ ಬೂಟ್ ಮೆನು ತೆರೆದರೆ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣಿಸಿತು, ಒಂದರ ಮುಂದೆ ಯುಇಎಫ್‌ಐ (ಕಂಪ್ಯೂಟರ್ ಶುರುವಾಗುವ ಹೊಸ ರೀತಿ) ಎಂದಿತ್ತು. ನನ್ನ ವಿಂಡೋಸ್ ಹಳೆಯ ಬಯಾಸ್ ರೀತಿಯದ್ದು, ಹಾಗಾಗಿ ಯುಇಎಫ್‌ಐ ಇಲ್ಲದ್ದನ್ನು ಆರಿಸಿದೆ. ಇಲ್ಲಿ ತಪ್ಪಿದರೆ ಎರಡೂ ಸಿಸ್ಟಮ್ ಒಂದೇ ಮೆನುವಿನಲ್ಲಿ ಸಿಗುವುದಿಲ್ಲ.

ಇನ್‌ಸ್ಟಾಲರ್ ಮೊದಲಿಗೆ ಮುಂದಿಟ್ಟದ್ದು ಡಿಸ್ಕನ್ನು ಅಳಿಸಿ ಹಾಕುವ ಆಯ್ಕೆ. ಪಕ್ಕದಲ್ಲಿ ನಿಂತಿದ್ದ ಅಂಗಡಿಯ ಹುಡುಗಿ ಕೇಳಿದಳು, "ಅಕ್ಕ, ಅದನ್ನೇ ಒತ್ತಿದ್ರೆ ಆಗುದಿಲ್ವಾ? ಬೇಗ ಮುಗೀತದಲ್ಲ."

"ಒತ್ತಿದ್ರೆ ನಾಳೆಯಿಂದ ನಿಂಗೂ ಕೆಲಸ ಇಲ್ಲ, ನಂಗೂ ಇಲ್ಲ ಮಾರಾಯ್ತಿ."

ಅದನ್ನು ಬಿಟ್ಟು ಪಾಲು ಮಾಡುವ ಜಿಪಾರ್ಟೆಡ್ ತೆರೆದೆ. ಅದರಲ್ಲಿ ನನಗೆ ಇಷ್ಟವಾದ ಗುಣ ಎಂದರೆ ಏನು ಮಾಡಿದರೂ ಬರಿ ಪಟ್ಟಿಯಾಗಿ ಕೆಳಗೆ ಸೇರುತ್ತದೆ, ಮೇಲಿನ ಟಿಕ್ ಗುರುತು ಒತ್ತುವವರೆಗೆ ಡಿಸ್ಕಿಗೆ ಏನೂ ಆಗುವುದಿಲ್ಲ. 'ಅಳಿಸು' ಎಂಬ ಎಸ್‌ಡಿಎ4ನ್ನು ತೆಗೆದು ಎಕ್ಸ್‌ಟೆಂಡೆಡ್ ಮಾಡಿದೆ. ಅದರೊಳಗೆ ವಿಂಡೋಸಿಗೆ 290 ಜಿಬಿ ಎನ್‌ಟಿಎಫ್‌ಎಸ್, ಲಿನಕ್ಸಿನ ರೂಟಿಗೆ (ಸಿಸ್ಟಮ್ ಕೂರುವ ಜಾಗ) 60, ಹೋಮಿಗೆ ಉಳಿದದ್ದು. ಹೋಮ್ ಬೇರೆ ಇದ್ದರೆ ಮುಂದೆ ಸಿಸ್ಟಮ್ ಹೊಸತಾಗಿ ಹಾಕಿದರೂ ಸ್ವಂತ ಫೈಲುಗಳು ಉಳಿಯುತ್ತವೆ. ರ‍್ಯಾಮ್ ಸಾಲದಾಗ ಬಳಸುವ ಸ್ವಾಪಿಗೆ ಪಾಲು ಬೇಡ, ಮಿಂಟ್ ತಾನೇ ಒಂದು ಫೈಲ್ ಮಾಡಿಕೊಳ್ಳುತ್ತದೆ. ಪಟ್ಟಿಯ ಫೋಟೋ ಮೊಬೈಲಿನಲ್ಲಿ ತೆಗೆದು, ಹುಡುಗಿಯಿಂದ ಒಮ್ಮೆ ಗಟ್ಟಿಯಾಗಿ ಓದಿಸಿದೆ. ಬರೆದ ಕರಡನ್ನು ಬರೆದವರೇ ತಿದ್ದಬಾರದು ಎಂಬುದು ನಮ್ಮ ಕಸುಬಿನ ಅಭ್ಯಾಸ. ಆಮೇಲೆ ಟಿಕ್ ಒತ್ತಿದೆ.

ಉಳಿದದ್ದು ಸುಲಭ. ಇನ್‌ಸ್ಟಾಲರಿನ ಕೊನೆಯ ಆಯ್ಕೆಯಲ್ಲಿ ಯಾವ ಪಾಲು ಯಾವುದಕ್ಕೆ ಎಂದು ತೋರಿಸಿ, ಸಿಸ್ಟಮ್ ಆರಿಸುವ ಮೆನು ತರುವ ಬೂಟ್‌ಲೋಡರನ್ನು ಎಸ್‌ಡಿಎಗೆ, ಅಂದರೆ ಇಡೀ ಡಿಸ್ಕಿಗೆ, ಕೊಟ್ಟೆ. ಒಂಬತ್ತೂವರೆಗೆ ಎರಡೂ ಹೆಸರಿನ ಮೆನು ಬಂತು.

ತೊಂದರೆ ಇರಲಿಲ್ಲ ಎಂದಲ್ಲ. ಮರುದಿನ ಹತ್ತಕ್ಕೆ ಅಂಗಡಿ ತೆರೆದು ವಿಂಡೋಸ್ ಹಾಕಿದರೆ ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು. ಮದರ್‌ಬೋರ್ಡಿನ ಗಡಿಯಾರವನ್ನು ಲಿನಕ್ಸ್ ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿನ ಜಾಗತಿಕ ಸಮಯ) ಲೆಕ್ಕದಲ್ಲಿ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಎಂದು ಓದುತ್ತದೆ. ಮಿಂಟಿನಲ್ಲಿ ಒಂದು ಸಾಲಿನ ಕಮಾಂಡಿನಿಂದ ಸರಿಹೋಯಿತು. ಡಿ ಡ್ರೈವಿನಲ್ಲಿ ಮಿಂಟಿನಿಂದ ಏನೂ ಸೇವ್ ಆಗುತ್ತಿರಲಿಲ್ಲ, ಅದು ವಿಂಡೋಸಿನ ಫಾಸ್ಟ್ ಸ್ಟಾರ್ಟಪ್‌ನ ಕಿತಾಪತಿ. ಶಟ್‌ಡೌನ್ ಮಾಡಿದರೂ ಅದು ಪೂರ್ತಿ ಮುಚ್ಚುವುದಿಲ್ಲ, ಅರೆನಿದ್ದೆಯಲ್ಲಿರುತ್ತದೆ. ಪವರ್ ಸೆಟ್ಟಿಂಗಿನಲ್ಲಿ ಆ ಟಿಕ್ ತೆಗೆದೆ. ಪೇಜ್‌ಮೇಕರ್ ಚಿತ್ರಗಳನ್ನು ಹುಡುಕುವುದು ಡ್ರೈವಿನ ಅಕ್ಷರ ಹಿಡಿದು. ಹೊಸ ಪಾಲಿಗೆ ವಿಂಡೋಸ್ ಜಿ ಎಂದು ಕೊಟ್ಟಿತ್ತು, ಅದನ್ನು ಮತ್ತೆ ಇ ಮಾಡಿ 210 ಜಿಬಿ ವಾಪಸ್ ಹಾಕಿದ ಮೇಲೆ ಹಳೆಯ ಕಾರ್ಡುಗಳೆಲ್ಲ ಚಿತ್ರದ ಸಮೇತ ತೆರೆದವು.

ಮಿಂಟಿನಲ್ಲಿ ಕನ್ನಡ ಟೈಪಿಸಲು ಐಬಸ್ ಎಂಬ ತಂತ್ರಾಂಶ ಹಾಕಿ, ನುಡಿಯದೇ ಕಗಪ ಕೀಲಿಮಣೆ ಆರಿಸಿಕೊಟ್ಟೆ. ನುಡಿಯಲ್ಲಿ ಪಳಗಿದ ಬೆರಳಿಗೆ ಹೊಸತೇನೂ ಇಲ್ಲ. ಹುಡುಗಿ ಈಗ ಬೆಳಗ್ಗೆ ಬಂದವಳೇ ಮೆನುವಿನಲ್ಲಿ ಮಿಂಟ್ ಒತ್ತುತ್ತಾಳೆ. ಮದುವೆ ಕಾಗದದವರು ಬಂದರೆ ಮಾತ್ರ ರೀಸ್ಟಾರ್ಟ್ ಮಾಡಿ, ನೆಟ್ಟಿನ ವೈರು ಕಿತ್ತು ಬದಿಗಿಟ್ಟು, ವಿಂಡೋಸಿಗೆ ಹೋಗುತ್ತಾಳೆ.